ಸ್ಪೇನಿನ ತಾಪಾಸ್ ಬಾರಲ್ಲಿ ನಮ್ಮಂಥ ಸಸ್ಯಾಹಾರಿಗಳು ಏನ್ ತಿನ್ನಬಹುದು?

ಪ್ರಶ್ನೆ: ಅಪ್ಪ ಅಮ್ಮನ್ನ ಕರ್ಕೊಂಡು ಮ್ಯಾಡ್ರಿಡ್, ಸೆವಿಲ್, ಬಾರ್ಸಿಲೋನಾ ಕಡೆ ಹೊರಟಿದೀವಿ. ಅವರು ಮೊಟ್ಟೆನೂ ಮುಟ್ಟಲ್ಲ. ದಿನಾ ಇಂಡಿಯನ್ ರೆಸ್ಟೋರೆಂಟ್ ಹುಡುಕ್ಕೊಂಡು ಅಲೆಯೋದು ಬೇಡ ಅಂತಿದೀವಿ, ಆದ್ರೆ ಟೂರಿಸ್ಟ್‌ಗಳೆಲ್ಲ ಹೋಗೋ ಅಲ್ಲಿನ ಸಾದಾ ಹೋಟೆಲ್‌ಗಳಲ್ಲಿ ಇವರಿಗೆ ಏನಾದ್ರೂ ಸಿಗತ್ತಾ?

ಸಿಗತ್ತೆ, ತಾಪಾಸ್ ಅನ್ನೋ ಸಣ್ಣ ಸಣ್ಣ ತಟ್ಟೆ ತಿಂಡಿಗಳಲ್ಲೇ ಹೊಟ್ಟೆ ತುಂಬಾ ಸಿಗತ್ತೆ. ಆದ್ರೆ ಬರೀ "ವೆಜ್" ಅಂತ ಹೇಳಿ ಸುಮ್ನೆ ಕೂತ್ರೆ ಆಗಲ್ಲ, ಅದೊಂದು ಮೊದಲೇ ಗೊತ್ತಿರಲಿ.

ಅಲ್ಲಿ ಕಾರ್ನೆ ಅಂದ್ರೆ ಮಾಂಸ. ಆದ್ರೆ ಎಷ್ಟೋ ಜನರ ಬಾಯಲ್ಲಿ ಕಾರ್ನೆ ಅಂದ್ರೆ ದನ, ಹಂದಿ, ಕುರಿ ಮಾಂಸದ ದೊಡ್ಡ ತುಂಡು ಅಷ್ಟೇ, ಹಮೋನ್ ಅಂತಾರಲ್ಲ ಆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ಅದನ್ನ ನಾವು ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ ತರಕಾರಿ ಪಲ್ಯದ ಮೇಲೂ ಉದುರಿಸ್ತಾರೆ, ಟ್ಯೂನಾ ಮೀನಂತೂ ಸಲಾಡ್‌ನಲ್ಲಿ ಇದ್ದೇ ಇರತ್ತೆ ಅಂದ್ಕೊಳ್ಳಿ. ನಾನು ಅಮ್ಮನ್ನ ಕರ್ಕೊಂಡು ಹೋದಾಗ ಮೊದಲನೇ ದಿನ ಆಗಿದ್ದೇ ಇದು. "ಸಿನ್ ಕಾರ್ನೆ", ಮಾಂಸ ಬೇಡ ಅಂತ ಹೇಳಿ ಎನ್ಸಲಾದ ಮಿಸ್ತಾ ತರಿಸಿದ್ವಿ, ಮೇಲೆ ಲೆಟ್ಯೂಸ್, ಟೊಮೇಟೊ, ಆಲಿವ್, ಎಲ್ಲಾ ಚೆನ್ನಾಗಿದೆ ಅಂತ ಅಮ್ಮ ಎಲೆ ಸರಿಸಿ ನೋಡಿದ್ರೆ ಅಡಿಯಲ್ಲಿ ಬೂದು ಬಣ್ಣದ ಮೀನಿನ ಚೂರು. ಅಮ್ಮ ಏನೂ ಹೇಳ್ಲಿಲ್ಲ, ಫೋರ್ಕ್ ಕೆಳಗಿಟ್ಟು ಬರೀ ಬ್ರೆಡ್ ತಿಂದ್ರು. ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ ಅದನ್ನ ನೆನೆಸ್ಕೊಂಡ್ರೆ. ಬಡಿಸಿದವನದು ತಪ್ಪಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ.

ಅದಕ್ಕೇ ಒಂದೊಂದರ ಹೆಸರು ಹಿಡಿದೇ ಹೇಳಬೇಕು. ಈ ವಾಕ್ಯ ಬಾಯಿಪಾಠ ಮಾಡ್ಕೊಳ್ಳಿ: "ನೋ ಕೋಮೋ ಕಾರ್ನೆ, ನಿ ಹಮೋನ್, ನಿ ಪೊಯೋ, ನಿ ಪೆಸ್ಕಾದೋ, ನಿ ಅತೂನ್, ನಿ ವೇವೋ." ಮಾಂಸ, ಹಂದಿ, ಕೋಳಿ, ಮೀನು, ಟ್ಯೂನಾ, ಮೊಟ್ಟೆ ಯಾವುದೂ ತಿನ್ನಲ್ಲ ಅಂತ. ಕೊನೆಗೆ "ನಿ ಕಾಲ್ದೋ" ಅಂತಾನೂ ಸೇರಿಸಿ, ಕಾಲ್ದೋ ಅಂದ್ರೆ ಮಾಂಸನೋ ಮೀನೋ ಬೇಯಿಸಿದ ಸಾರು. ಪಾಯೆಯಾ ಅಂದ್ರೆ ಅಗಲದ ಬಾಣಲೇಲಿ ಮಾಡೋ ಅನ್ನ, ತರಕಾರಿ ಪಾಯೆಯಾ ಅಂತ ಬೋರ್ಡ್‌ನಲ್ಲಿ ಇದ್ರೂ ಅನ್ನ ಬೆಂದಿರೋದು ಕೋಳಿ ಸಾರಲ್ಲಿ ಇರಬಹುದು, ಮ್ಯಾಡ್ರಿಡ್‌ನ ಪತಾತಾಸ್ ಬ್ರಾವಾಸ್ ಅನ್ನೋ ಖಾರದ ಆಲೂ ಮೇಲಿನ ಸಾಸ್‌ಗೂ ಕೆಲವು ಕಡೆ ಅದೇ ಸಾರು ಹಾಕ್ತಾರೆ. ಬಾರ್ಸಿಲೋನಾ ಕಡೆ ಅದೇ ಆಲೂ ಮೇಲೆ ಬಿಳೀ ಬೆಳ್ಳುಳ್ಳಿ ಸಾಸ್ ಬರತ್ತೆ, ಅದ್ರಲ್ಲಿ ಹೆಚ್ಚಾಗಿ ಮೊಟ್ಟೆ ಇರತ್ತೆ.

ಈಗ ತಿನ್ನೋದಕ್ಕೆ ಬರೋಣ. ಸೆವಿಲ್‌ಗೆ ಹೋದ್ರೆ ಎಸ್ಪಿನಾಕಾಸ್ ಕೊನ್ ಗಾರ್ಬಾನ್ಸೋಸ್ ಬಿಡಲೇಬೇಡಿ. ಪಾಲಕ್ ಜೊತೆ ಕಡಲೆ, ಜೀರಿಗೆ, ಬೆಳ್ಳುಳ್ಳಿ, ಸ್ವಲ್ಪ ಕೆಂಪು ಮೆಣಸಿನ ಪುಡಿ, ಗಟ್ಟಿ ಆಗ್ಲಿ ಅಂತ ಕರಿದ ಬ್ರೆಡ್ ಕುಟ್ಟಿ ಹಾಕಿರ್ತಾರೆ, ಮುಂದೆ ತಂದಿಟ್ಟಾಗ ಬರೋ ಜೀರಿಗೆ ಘಮ ಇದ್ಯಲ್ಲ, ಅಮ್ಮ "ಇದು ನಮ್ಮನೆ ಸೊಪ್ಪಿನ ಹುಳಿ ಥರಾನೇ ಇದೆ ಕಣೋ" ಅಂದ್ರು. ಅಲ್ಲಿ ಎಲ್ ರಿಂಕೋನ್ಸಿಯೋ ಅಂತ 1670ರಿಂದ ಇರೋ ಬಾರ್ ಇದೆ, ಈ ಪಾಲಕ್ ಕಡಲೆಗೇ ಹೆಸರುವಾಸಿ, ಟೂರಿಸ್ಟ್‌ಗಳು ತುಂಬಿರ್ತಾರೆ ಆದ್ರೂ ಹೋಗಿ. ಮೇಲೆ ಹಂದಿ ತೊಡೆಗಳು ತೂಗ್ತಿರತ್ತೆ, ಅದನ್ನ ಅಪ್ಪ ಅಮ್ಮಂಗೆ ಮೊದಲೇ ಹೇಳಿಡಿ. ನೀವು ನಿಂತು ತಿನ್ನೋ ಮರದ ಕೌಂಟರ್ ಮೇಲೇ ಬಡಿಸೋರು ಸೀಮೆಸುಣ್ಣದಲ್ಲಿ ಲೆಕ್ಕ ಬರೀತಾ ಹೋಗ್ತಾರೆ, ಕೊನೆಗೆ ಅಲ್ಲೇ ಕೂಡಿ ಹೇಳ್ತಾರೆ.

ಪಿಮಿಯೆಂತೋಸ್ ದೆ ಪಾದ್ರೋನ್ ಇನ್ನೊಂದು, ಗಲಿಸಿಯಾ ಕಡೆಯ ಪುಟ್ಟ ಹಸಿರು ಮೆಣಸಿನಕಾಯಿ, ಎಣ್ಣೇಲಿ ಬಾಡಿಸಿ ಹರಳುಪ್ಪು ಉದುರಿಸಿ ಕೊಡ್ತಾರೆ, ಹೆಚ್ಚಿನವು ಸಪ್ಪೆ, ನಡುವೆ ಒಂದು ಖಾರ ಇರತ್ತೆ. ಬಾರ್ಸಿಲೋನಾದಲ್ಲಿ ಬ್ರೆಡ್‌ಗೆ ಟೊಮೇಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ್ದು ಎಲ್ಲಾ ಕಡೆ ಸಿಗತ್ತೆ. ಕೊರ್ದೋಬಾದಲ್ಲಿ ಬದನೆಕಾಯಿ ಕರಿದು ಮೇಲೆ ಜೇನೋ ಕಬ್ಬಿನ ಜೋನಿಬೆಲ್ಲದಂಥ ಪಾಕನೋ ಸುರೀತಾರೆ, ಬಹಳ ರುಚಿ. ತಣ್ಣನೆ ಟೊಮೇಟೊ ಸೂಪ್ ಗಾಸ್ಪಾಚೋ ಕುಡೀಬಹುದು, ಅದರ ಅಣ್ಣನಂಥ ಸಾಲ್ಮೊರೆಹೋ ಮೇಲೆ ಮಾತ್ರ ಹಮೋನು, ಮೊಟ್ಟೆ ಹಾಕ್ತಾರೆ, ಬೇಡ ಅಂತ ಮುಂಚೇನೇ ಹೇಳಿ. ತೋರ್ತಿಯಾ ಅಂದ್ರೆ ಅಲ್ಲಿ ಆಲೂಗಡ್ಡೆ ಆಮ್ಲೆಟ್ಟು, ಮೆಕ್ಸಿಕೋದ ರೊಟ್ಟಿ ಅಲ್ಲ, ನಿಮ್ಮ ಅಪ್ಪ ಅಮ್ಮಂಗೆ ಆಗಲ್ಲ. ಕ್ರೊಕೇತಾಸ್ ಅನ್ನೋ ಕರಿದ ಉಂಡೆ ಕೂಡ ಬೇಡ, ಒಳಗೆ ಸಾಮಾನ್ಯವಾಗಿ ಹಮೋನೇ. ಕರಿದಿದ್ದರಲ್ಲಿ ಇನ್ನೊಂದು ವಿಷ್ಯ, ಸೆವಿಲ್ ಕಡೆ ಮೀನು ಕರಿಯೋದು ಜಾಸ್ತಿ, ಅದೇ ಎಣ್ಣೇಲಿ ಬದನೆನೂ ಕರಿದಿರಬಹುದು, ಅಷ್ಟು ಮಡಿ ಇರೋರಾದ್ರೆ ಕೇಳ್ಕೊಂಡೇ ತಗೊಳ್ಳಿ.

ಟೈಮ್ ವಿಷ್ಯ ದಯವಿಟ್ಟು ಲಘುವಾಗಿ ತಗೋಬೇಡಿ, ವಯಸ್ಸಾದವರಿಗೆ ಕಷ್ಟ ಆಗೋದು ಇಲ್ಲೇ. ಮಧ್ಯಾಹ್ನದ ಊಟ ಅಲ್ಲಿ 2ರ ಸುಮಾರಿಗೆ, ರಾತ್ರಿ ಊಟ 9ಕ್ಕೆ, ನಡುವೆ ಸುಮಾರು 4ರಿಂದ 8ರವರೆಗೆ ಎಷ್ಟೋ ಅಡುಗೆಮನೆ ಬಂದ್. ಮ್ಯಾಡ್ರಿಡ್ ಇರೋದು ಲಂಡನ್‌ಗಿಂತಲೂ ಪಶ್ಚಿಮಕ್ಕೆ, ಆದ್ರೆ 1940ರಲ್ಲಿ ಗಡಿಯಾರನ ಜರ್ಮನಿ ಟೈಮಿಗೆ ಒಂದು ಗಂಟೆ ಮುಂದೆ ತಳ್ಳಿದ್ದು ಹಾಗೇ ಉಳ್ಕೊಂಡಿದೆ, ಅದಕ್ಕೇ ಬೇಸಿಗೇಲಿ ರಾತ್ರಿ 9 ಗಂಟೆಗೂ ಬೆಳಕಿರತ್ತೆ. ಸಂಜೆ 7ಕ್ಕೇ ಊಟ ಬಡಿಸ್ತೀವಿ ಅನ್ನೋ ಜಾಗ ಬಹುಪಾಲು ಟೂರಿಸ್ಟ್‌ಗಳಿಗೇ ಮಾಡಿದ್ದು, ಹೊರಗೆ ಪಾಯೆಯಾ ಫೋಟೋಗಳ ಬೋರ್ಡ್ ಇದ್ರಂತೂ ಒಳಗೆ ಫ್ರೋಜನ್ ಬಿಸಿ ಮಾಡಿ ಕೊಡೋ ಸಾಧ್ಯತೆ ಜಾಸ್ತಿ. ನಾವು ಏನ್ ಮಾಡಿದ್ವಿ ಅಂದ್ರೆ, ಮಧ್ಯಾಹ್ನ 2ಕ್ಕೆ ಹೊಟ್ಟೆ ತುಂಬಾ ಊಟ, ಸಂಜೆ ರೂಮಲ್ಲಿ ಹಣ್ಣು ಮತ್ತು ಮನೆಯಿಂದ ತಂದ ಚಕ್ಲಿ, ರಾತ್ರಿ ಎರಡು ಸಣ್ಣ ತಾಪಾಸ್.

ಬಿಲ್ ಬಂದಾಗ ಬ್ರೆಡ್ಡಿಗೆ ಬೇರೆ ದುಡ್ಡು ಹಾಕಿದ್ರೆ ಗಾಬರಿ ಬೇಡ, ಅಲ್ಲಿ ಅದು ಮಾಮೂಲು, ಬೇಡ ಅಂದ್ರೆ ತಂದಿಟ್ಟಾಗಲೇ ವಾಪಸ್ ಕಳಿಸಿ. ನೀರು ಮಾತ್ರ ಬಾಟಲಿನೇ ಕೊಳ್ಳಬೇಕಿಲ್ಲ, "ಆಗ್ವಾ ದೆಲ್ ಗ್ರಿಫೋ" ಅಂತ ಕೇಳಿ, 2022ರ ಕಾನೂನಿನ ಪ್ರಕಾರ ನಲ್ಲಿ ನೀರನ್ನ ಫ್ರೀಯಾಗಿ ಕೊಡಬೇಕು.

ಸಿಹಿಗೆ ಅರ್ರೋಸ್ ಕೊನ್ ಲೆಚೆ ತರಿಸಿ, ಹಾಲಲ್ಲಿ ಬೇಯಿಸಿದ ಅಕ್ಕಿ ಪಾಯಸಾನೇ, ಏಲಕ್ಕಿ ಬದಲು ದಾಲ್ಚಿನ್ನಿ, ನಿಂಬೆ ಸಿಪ್ಪೆ. ಚುರ್ರೋಸ್ ಅನ್ನೋ ಕರಿದ ಉದ್ದನೆ ತಿಂಡಿ ಸಾಮಾನ್ಯವಾಗಿ ಬರೀ ಮೈದಾ, ನೀರು, ಉಪ್ಪು. ಆದ್ರೆ ಬೇಕರೀಲಿ ಎನ್ಸೈಮಾದಾ ಅಂತ ಸುರುಳಿ ಬನ್ ಕಂಡ್ರೆ ಕೊಡಿಸಬೇಡಿ, ಆ ಹೆಸರಲ್ಲಿರೋ ಸೈಮ್ ಅಂದ್ರೆ ಹಂದಿ ಕೊಬ್ಬು, ಹಾಗೇನೇ ಮಾಂತೆಕಾದೋಸ್ ಅನ್ನೋ ಬಿಸ್ಕತ್ತಿಗೂ ಅದೇ ಕೊಬ್ಬು. ಸಕ್ಕರೆ ಪುಡಿ ಉದುರಿಸಿ ಎಷ್ಟು ಚೆಂದ ಜೋಡಿಸಿರ್ತಾರೆ ಅಂದ್ರೆ, ಇದಕ್ಕೂ ಮಾಂಸಕ್ಕೂ ಏನ್ ಸಂಬಂಧ ಅಂತ ಯಾರಿಗೂ ಕೇಳ್ಬೇಕು ಅನ್ಸಲ್ಲ.