ಎರಡನೇ ಸಲ ಟೇಪು ಹಿಡಿದಾಗ

ಕಳೆದ ತಿಂಗಳು ಒಂದು ಉಪಕೇಂದ್ರದಲ್ಲಿ ಕೂತಿದ್ದೆ. ಆಶಾ ಕಾರ್ಯಕರ್ತೆ ನಲವತ್ತು ದಾಟಿದ ಹೆಂಗಸೊಬ್ಬರ ಸೊಂಟದ ಸುತ್ತಳತೆ ತೆಗೆಯುತ್ತಿದ್ದರು. ಟೇಪು ಸೀರೆಯ ನೆರಿಗೆಯ ಮೇಲೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿತ್ತು. 94 ಎಂದು ಬರೆದುಕೊಂಡರು. ನೆರಿಗೆ ಸರಿಸಿ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಅವರು ಉಸಿರು ಬಿಟ್ಟ ಮೇಲೆ ಮತ್ತೆ ಅಳೆಸಿದೆ. 87 ಬಂತು. ಬಿಪಿ, ಸಕ್ಕರೆ ಕಾಯಿಲೆಯಂಥವು ಬರುವ ಅಪಾಯವನ್ನು ಅಂಕ ಹಾಕಿ ಅಂದಾಜಿಸುವ ಸಿಬ್ಯಾಕ್ ಫಾರ್ಮಿನಲ್ಲಿ ಹೆಂಗಸರಿಗೆ 80ರವರೆಗೆ ಸೊನ್ನೆ, 90ರವರೆಗೆ ಒಂದು ಅಂಕ, ಅದರ ಮೇಲೆ ಎರಡು. ಏಳು ಸೆಂಟಿಮೀಟರ್ ಬಟ್ಟೆ ಒಂದು ಅಂಕ ಸೇರಿಸಿಬಿಟ್ಟಿತ್ತು. ಆಶಾಳದ್ದು ತಪ್ಪಲ್ಲ, ಟೇಪು ಎಲ್ಲಿಡಬೇಕೆಂದು ಆಕೆಯ ಕೈ ಹಿಡಿದು ಯಾರೂ ತೋರಿಸಿರಲಿಲ್ಲ.

ಬೊಜ್ಜಿನ ವಿಚಾರದಲ್ಲಿ ರಾಜ್ಯ ಎಷ್ಟು ಮುಂದೆ ಬಂತು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಟೇಪು ನೆನಪಾಗುತ್ತದೆ. ಪರಿಶೀಲನಾ ಸಭೆಗಳಲ್ಲಿ ನಾವು ವೈದ್ಯರು ಒಪ್ಪಿಸುವುದು ಎಷ್ಟು ಶಿಬಿರ, ಎಷ್ಟು ಮಂದಿಯ ತಪಾಸಣೆ ಎಂಬ ಲೆಕ್ಕ. ಅದು ನಮ್ಮ ದುಡಿಮೆಯ ಲೆಕ್ಕ, ಜನರ ಮೈಯಲ್ಲಿ ಆದ ಬದಲಾವಣೆಯದ್ದಲ್ಲ.

ಬದಲಾವಣೆ ಕಾಣುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ. ಕರ್ನಾಟಕದಲ್ಲಿ ಅತಿತೂಕದ ಮಹಿಳೆಯರು 2015-16ರಲ್ಲಿ ಶೇ 23.3 ಇದ್ದರು, 2019-21ರಲ್ಲಿ ಶೇ 30.1. ಗಂಡಸರಲ್ಲಿ ಶೇ 22.1 ಇದ್ದದ್ದು 30.9 ಆಗಿದೆ. ಇದೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 25ರಿಂದ ಮೇಲೆ ಎಣಿಸಿದ್ದು. ನಮ್ಮ ದೇಶದ ವೈದ್ಯರು ಅತಿತೂಕವನ್ನು 23ರಿಂದಲೇ ಎಣಿಸುತ್ತಾರೆ, ಏಕೆಂದರೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಕೂರುವ ಮೈಕಟ್ಟು ನಮ್ಮದು. ಆ ಹೊಟ್ಟೆಯ ಲೆಕ್ಕ ಈ ಸಮೀಕ್ಷೆಗೆ ಮೊದಲು ಸೇರಿದ್ದೇ 2019-21ರ ಸುತ್ತಿನಲ್ಲಿ. ಹೋಲಿಸಿ ನೋಡಲು ಅದಕ್ಕೆ ಹಿಂದಿನ ಅಂಕಿ ಇಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಮಕ್ಕಳ ವಿಚಾರದಲ್ಲಿ. ಈ ಸಮೀಕ್ಷೆ ತೂಕ ನೋಡುವುದು ಐದು ವರ್ಷದೊಳಗಿನ ಮಕ್ಕಳದ್ದು, ಆಮೇಲೆ ನೇರವಾಗಿ ಹದಿನೈದು ದಾಟಿದವರದ್ದು. ನಡುವಿನ ಹತ್ತು ವರ್ಷ ಖಾಲಿ. ಚಿಪ್ಸ್ ಪೊಟ್ಟಣ, ಬಣ್ಣದ ಪಾನೀಯ ಬಾಯಿಗೆ ರೂಢಿಯಾಗುವುದೇ ಆ ವಯಸ್ಸಿನಲ್ಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಹೋಗಿ ಎತ್ತರ, ತೂಕ ಬರೆದುಕೊಂಡು ಬರುತ್ತದೆ. ಅದೇ ಮಗುವಿನ ಹೋದ ವರ್ಷದ ತೂಕವನ್ನು ಪಕ್ಕಕ್ಕಿಟ್ಟು ನೋಡಿದರೆ ಅರ್ಧ ಕೆಲಸ ಆದಂತೆ.

ನೀತಿಗಳ ಫಲವನ್ನು ಸೊಂಟದಲ್ಲಿ ಹುಡುಕಲು ಅವಸರ ಮಾಡಬಾರದು. ಕೇರಳ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾ ಮೇಲೆ ಶೇ 14.5 ತೆರಿಗೆ ಹಾಕಿತು. ಮರುವರ್ಷ ಜಿಎಸ್‌ಟಿ ಬಂದು ಅದು ಹೋಯಿತು. ಒಂದು ವರ್ಷದಲ್ಲಿ ಒಂದು ರಾಜ್ಯದ ತೂಕ ಇಳಿಯುವುದಿಲ್ಲ. ಅಂಥ ತೆರಿಗೆ ಮೊದಲು ಕಾಣಿಸಬೇಕಾದದ್ದು ಮಾರಾಟದಲ್ಲಿ, ಆಮೇಲೆ ತಟ್ಟೆಯಲ್ಲಿ, ಎಷ್ಟೋ ವರ್ಷದ ಮೇಲೆ ಮೈಯಲ್ಲಿ. ಹಾಗೆಯೇ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿ ಮಾರಬಾರದೆಂಬ 2020ರ ನಿಯಮ. ಅದನ್ನು ಅಳೆಯಲು ಪ್ರಯೋಗಾಲಯ ಬೇಡ. ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಗೇಟಿನ ಮುಂದೆ ನಿಂತು ಅಂಗಡಿ ಎಣಿಸಿ, ಆರು ತಿಂಗಳು ಬಿಟ್ಟು ಮತ್ತೆ ಎಣಿಸಿದರೆ ಸಾಕು.

ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆಯಂಥವನ್ನು ತಪಾಸಣೆ ಮಾಡುವ, 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯ ಮೇಲೆ ನನಗೆ ಭರವಸೆಯಿದೆ. ಅಲ್ಲಿ ನಾನು ಕೇಳುವ ಅಂಕಿ ಎಷ್ಟು ಮನೆ ಮುಟ್ಟಿದಿರಿ ಎಂಬುದಲ್ಲ, ಬಿಪಿ ಇದೆಯೆಂದು ಗೊತ್ತಾದ ನೂರು ಜನರಲ್ಲಿ ಆರು ತಿಂಗಳ ಮೇಲೆ ಎಷ್ಟು ಜನರದ್ದು 140/90ಕ್ಕಿಂತ ಕೆಳಗಿದೆ ಎಂಬುದು.

ಅವತ್ತು ಆ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದರು, "ಇದನ್ನ ಬರ್ಕೊಂಡು ಏನ್ ಮಾಡ್ತೀರಾ ಡಾಕ್ಟ್ರಮ್ಮ?"

"ಮೂರು ತಿಂಗಳು ಬಿಟ್ಟು ಬನ್ನಿ, ಇದೇ ಜಾಗದಲ್ಲಿ ಮತ್ತೆ ಅಳೀತೀವಿ" ಎಂದೆ.

ಆಶಾ ತನ್ನ ಪುಸ್ತಕ ತಿರುವಿ ನೋಡಿದಳು. "ಎರಡನೇ ಸಲದ್ದು ಬರೆಯೋಕೆ ಕಾಲಮ್ಮೇ ಇಲ್ಲ ಮೇಡಂ" ಅಂದಳು. ಆಮೇಲೆ ಸ್ಕೇಲ್ ತಗೊಂಡು 87ರ ಪಕ್ಕ ತಾನೇ ಒಂದು ಗೆರೆ ಎಳೆದಳು.