ಮೆಡಿಕಲ್ ಕಾಲೇಜು ಇಷ್ಟೊಂದಿವೆ, ನಮ್ಮೂರಲ್ಲಿ ಡಾಕ್ಟರ್ ಯಾಕೆ ನಿಲ್ಲುವುದಿಲ್ಲ?

ಓದುಗರ ಪ್ರಶ್ನೆ: ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಡಾಕ್ಟರು, ಜನರ ಮುಖ ಪರಿಚಯ ಆಗುವಷ್ಟರಲ್ಲಿ ಹೊರಟುಬಿಡುತ್ತಾರೆ. ಮೆಡಿಕಲ್ ಕಾಲೇಜುಗಳೇನೋ ಜಾಸ್ತಿ ಆಗುತ್ತಲೇ ಇವೆ. ಸರ್ಕಾರ ಇದಕ್ಕೇನೂ ಮಾಡ್ತಿಲ್ವಾ?

ಮಾಡುತ್ತಿದೆ. ಆದರೆ ಡಾಕ್ಟರನ್ನು ತಯಾರು ಮಾಡುವುದು ಒಂದು ಕೆಲಸ, ಊರಲ್ಲಿ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದು ಜೋರಾಗಿ ನಡೆದಿದೆ. 2014ಕ್ಕೆ ಮೊದಲು ಇಡೀ ದೇಶದಲ್ಲಿ 51,348 ಎಂಬಿಬಿಎಸ್ ಸೀಟು ಇದ್ದವು. ಈಗ 1 ಲಕ್ಷ ದಾಟಿದೆ.

ನಿಮ್ಮೂರಿಗೆ ಬಂದು ಹೋದವರು ಬಹುಶಃ ಬಾಂಡ್ ಡಾಕ್ಟರ್, ಅಂದರೆ ಕಡ್ಡಾಯ ಸೇವೆಯ ಕರಾರಿನ ಮೇಲೆ ಬಂದವರು. ಕರ್ನಾಟಕದಲ್ಲಿ ಇದಕ್ಕೆಂದೇ 2012ರ ಕಡ್ಡಾಯ ಸೇವೆ ಕಾಯ್ದೆ ಇದೆ, ಜಾರಿಗೆ ಬಂದದ್ದು 2015ರಲ್ಲಿ. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು, ತಪ್ಪಿದರೆ ದಂಡ. ಇಂಥ ಬಾಂಡ್ ಹಾಕಬಹುದೇ ಅನ್ನುವ ಪ್ರಶ್ನೆ ಬೇರೆ ರಾಜ್ಯಗಳಿಂದ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಹಾಕಬಹುದು ಎಂದು 2019ರಲ್ಲಿ ತೀರ್ಪು ಬಂತು. ಆಮೇಲೆ ನಮ್ಮಲ್ಲಿ ಒಂದು ವಿಚಿತ್ರ ಆಯಿತು. ಪಾಸಾಗಿ ಬರುವವರು ಜಾಸ್ತಿ, ಖಾಲಿ ಹುದ್ದೆ ಕಡಿಮೆ! ಹಾಗಾಗಿ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಎಲ್ಲರನ್ನೂ ಕಳಿಸುವ ಬದಲು ಬೇಕಿರುವಷ್ಟು ಜನರನ್ನು ಮಾತ್ರ ಕರೆಸಿಕೊಳ್ಳುವ ದಾರಿ ಮಾಡಿದರು.

ಒಂದು ವರ್ಷಕ್ಕೆ ಬಂದ ಹುಡುಗ ಹುಡುಗಿಯರನ್ನು ಬೈದು ಪ್ರಯೋಜನ ಇಲ್ಲ. ಹಗಲು ಓಪಿಡಿ, ರಾತ್ರಿ ನೀಟ್ ಪಿಜಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಪುಸ್ತಕ. ಬರೀ ಎಂಬಿಬಿಎಸ್ ಇಟ್ಟುಕೊಂಡು ಮುಂದೆ ಬರುವುದು ಕಷ್ಟ ಅಂತ ಅವರಿಗೆ ಗೊತ್ತು. ಪಿಜಿ ಆಸೆಯನ್ನೇ ಹಿಡಿದು ಉಳಿಸಿಕೊಳ್ಳುವ ಉಪಾಯ ತಮಿಳುನಾಡಿನದು. ಸರ್ಕಾರಿ ಸೇವೆಯಲ್ಲಿ ಇರುವವರಿಗೇ ಒಂದಷ್ಟು ಪಿಜಿ ಸೀಟು ಮೀಸಲು. ರಾಜ್ಯಗಳು ಹೀಗೆ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿತು. ದಂಡದ ಹೆದರಿಕೆಗಿಂತ ಇದೇ ವಾಸಿ ಎಂದು ನನಗನ್ನಿಸುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಸ್ಪೆಷಲಿಸ್ಟ್‌ಗಳದು. ಹೆರಿಗೆ ಕಷ್ಟವಾಗಿ ಸಿಸೇರಿಯನ್ ಬೇಕಾಯಿತು ಅಂದುಕೊಳ್ಳಿ. ಹೆರಿಗೆ ಡಾಕ್ಟರ್ ಒಬ್ಬರೇ ಇದ್ದರೆ ಸಾಲದು, ಅರಿವಳಿಕೆ ಕೊಡುವವರು ಬೇಕು, ಮಗುವನ್ನು ನೋಡಲು ಮಕ್ಕಳ ಡಾಕ್ಟರ್ ಬೇಕು. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಆಂಬುಲೆನ್ಸ್ ಜಿಲ್ಲಾಸ್ಪತ್ರೆ ಕಡೆ ತಿರುಗುತ್ತದೆ. ಸಂಬಳ ಎಣಿಸಿಕೊಂಡು ಸುಮ್ನೆ ಕೂತ ಡಾಕ್ಟರ್ ಅಂತ ಊರವರು ಆಡಿಕೊಳ್ಳುವುದು ಎಷ್ಟೋ ಸಲ ಜೊತೆಯವರಿಲ್ಲದೆ ಕೈಕಟ್ಟಿ ಕೂತವರನ್ನೇ. 2021-22ರ ಕೇಂದ್ರ ಸರ್ಕಾರದ ಲೆಕ್ಕದಂತೆ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ (ಪ್ರಾಥಮಿಕ ಕೇಂದ್ರಕ್ಕಿಂತ ಒಂದು ಮೆಟ್ಟಿಲು ಮೇಲಿನವು) ಬೇಕಿದ್ದ ಸ್ಪೆಷಲಿಸ್ಟ್‌ಗಳಲ್ಲಿ ಸುಮಾರು 80 ಶೇಕಡಾ ಕೊರತೆ ಇತ್ತು. ಸಾಮಾನ್ಯ ಎಂಬಿಬಿಎಸ್ ಡಾಕ್ಟರಿಗೇ ಅರಿವಳಿಕೆ ಕೊಡುವುದನ್ನು ಕಲಿಸುವ ಕೆಲವು ತಿಂಗಳ ತರಬೇತಿಯನ್ನು ಸರ್ಕಾರ ಶುರು ಮಾಡಿದ್ದು ಇದಕ್ಕೇ. ಪಿಜಿ ವಿದ್ಯಾರ್ಥಿಗಳು 3 ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ದುಡಿಯಬೇಕು ಎಂಬ ನಿಯಮವೂ ಬಂದಿದೆ.

ಹಾಗಾದರೆ ಊರಲ್ಲೇ ನಿಲ್ಲುವವರು ಯಾರು? ಸಿಸ್ಟರ್, ಆಶಾ. 2018ರಿಂದ ಇವರ ಜೊತೆಗೆ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಸುಮಾರು 5,000 ಜನರ ಉಪಕೇಂದ್ರದಲ್ಲಿ ಕೂತು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ, ಬೇಕಾದರೆ ವಿಡಿಯೋದಲ್ಲಿ ಡಾಕ್ಟರನ್ನು ತೋರಿಸುತ್ತಾರೆ. ಹೆಚ್ಚಿನವರು ನರ್ಸಿಂಗ್ ಓದಿದವರು. ಶುಗರ್ ಇರುವ ಅಜ್ಜಿಗೆ ತಿಂಗಳು ತಿಂಗಳೂ ಬೇಕಾಗುವುದು ಇವರೇ, ಅಲ್ವಾ? ಆದರೆ ಈ ಕೆಲಸ ಹೆಚ್ಚಾಗಿ ಗುತ್ತಿಗೆಯದು. ಆಶಾ ಕಾರ್ಯಕರ್ತೆಯರದ್ದಂತೂ ಸಂಬಳವೂ ಅಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಕಾಲೇಜು ಕಟ್ಟಲು ಇರುವ ಉತ್ಸಾಹ ಇಲ್ಲಿ ಕಾಣುವುದಿಲ್ಲ.

ನಿಮ್ಮೂರ ಮಟ್ಟಿಗೆ ಒಂದು ಕೆಲಸ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರೂ ಇರುತ್ತಾರೆ. ಅವರ ಮೂಲಕ ಕೇಳಿಸಿ: ಡಾಕ್ಟರ್ ಹುದ್ದೆ ನಿಜವಾಗಿ ಖಾಲಿ ಇದೆಯೇ, ಅಥವಾ ಇಲ್ಲಿನ ಡಾಕ್ಟರನ್ನು ನಿಯೋಜನೆ ಮೇಲೆ ಬೇರೆ ಕಡೆ ಕಳಿಸಿದ್ದಾರೆಯೇ? ಎರಡನೆಯದಾದರೆ ಕಾಗದದಲ್ಲಿ ಹುದ್ದೆ ತುಂಬಿದೆ ಎಂದೇ ಇರುತ್ತದೆ. ಅಂಥ ಕೇಂದ್ರಕ್ಕೆ ಹೊಸಬರನ್ನು ಯಾರೂ ಕಳಿಸುವುದಿಲ್ಲ. ಮೊದಲು ಆ ನಿಯೋಜನೆ ರದ್ದು ಮಾಡಿ ಎಂದು ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ.