ಕಾಫಿ ತುಂಬುವ ವ್ಯಾಗನ್‌ಗೆ ಗೊಬ್ಬರ ಹಾಕಬೇಡಿ

ಕೊಡಗಿನಲ್ಲಿ ರೈಲು ಹಳಿ ಇಲ್ಲ. ಮೈಸೂರು–ಕುಶಾಲನಗರ ಮಾರ್ಗದ ಮಾತು ವರ್ಷಗಳಿಂದ ಕೇಳಿಬರುತ್ತಿದೆ, ಅಷ್ಟೆ. ಹಾಗಾಗಿ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಡೆ ಮಾದರಿ ರೈಲು ಕಟ್ಟಲು ಹೊರಟವರು ಒಂದೋ ಕೈಗೆ ಸಿಕ್ಕ ಯುರೋಪಿನ ಸೆಟ್ ಓಡಿಸುತ್ತಾರೆ, ಇಲ್ಲವೇ ಎಂದೂ ಇರದ ಮಡಿಕೇರಿ ಸ್ಟೇಷನ್ ಒಂದನ್ನು ಕಲ್ಪಿಸಿಕೊಳ್ಳುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಕೊಡಗಿನ ಸರಕು ಲಾರಿಯಿಂದಿಳಿದು ರೈಲು ಹತ್ತುವ ಜಾಗವನ್ನು ಕಟ್ಟಿ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿನ ಆಸುಪಾಸಿನಲ್ಲಿ, ಕಲ್ಪಿತ ಹೆಸರಿನ ಒಂದು ಸಣ್ಣ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಊರು, ಅದರ ಗೂಡ್ಸ್ ಶೆಡ್, ಪಕ್ಕದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹದಮಾಡುವ ಕಾರ್ಖಾನೆ. ಹೆಸರು ಕಲ್ಪಿತವಾದರೂ ಕೆಲಸವೆಲ್ಲ ನಿಜದ್ದಾಗಿರಲಿ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ನನ್ನ ಸಲಹೆ 1965ರಿಂದ 1975. ಆಗ ಗೂಡ್ಸ್ ಎಳೆಯಲು 2-8-2 ಚಕ್ರಜೋಡಣೆಯ (ಮುಂದೆ 2, ನಡುವೆ ಎಳೆಯುವ 8, ಹಿಂದೆ 2 ಚಕ್ರ) ವೈಜಿ ಉಗಿ ಎಂಜಿನ್ ಹಾಕಬಹುದು. 1961ರ ನಂತರ ಭಾರತಕ್ಕೆ ಬಂದ ಆಲ್ಕೋ ವಿನ್ಯಾಸದ 1400 ಅಶ್ವಶಕ್ತಿಯ ವೈಡಿಎಂ-4 ಡೀಸೆಲ್ಲನ್ನೂ ಆಗಾಗ ತರಬಹುದು. ವೈಪಿ 4-6-2 ಎಂಜಿನ್ ಪ್ಯಾಸೆಂಜರ್‌ಗೆ ಸರಿ. ಅದನ್ನೇ ದಿನವಿಡೀ ಗೂಡ್ಸ್ ಯಾರ್ಡಿನಲ್ಲಿ ತಿರುಗಿಸಬೇಡಿ. ಮೈಸೂರು ಸ್ಟೇಟ್ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಆದ್ದರಿಂದ ಈ ಕಾಲದ ವ್ಯಾಗನ್ ಪಕ್ಕದಲ್ಲಿ ಎಸ್‌ಆರ್ ಎಂದೇ ಇರಬೇಕು, ತೂಕ ಟನ್ನಿನಲ್ಲಿರಬೇಕು. ಮಣದ ಲೆಕ್ಕ ಬೇಕಿದ್ದರೆ ಇನ್ನೂ ಒಂದು ದಶಕ ಹಿಂದೆ ಹೋಗಿ.

ಸಕಲೇಶಪುರ ಘಟ್ಟ ಕಟ್ಟುವ ಆಸೆ ಹಲವರಿಗಿದೆ. 50ಕ್ಕೆ 1ರ ಏರು, ಸುರಂಗಗಳ ಸಾಲು, ದೋಣಿಗಲ್, ಎಡಕುಮೇರಿ, ಶಿರಿಬಾಗಿಲು ಎಂಬ ಹೆಸರುಗಳು, ಯಾರಿಗೆ ಬೇಡ? ಆದರೆ ಲೆಕ್ಕ ಹಾಕಿ ನೋಡಿ. 50ಕ್ಕೆ 1ರಲ್ಲಿ ಒಂದು ಹಳಿ ಇನ್ನೊಂದರ ಮೇಲೆ ದಾಟಲು 8 ಸೆಂ.ಮೀ. ಏರಬೇಕು ಎಂದರೆ 4 ಮೀಟರ್ ಓಟ ಬೇಕು. ಈಗಿನ ಬ್ರಾಡ್ ಗೇಜ್ ಕಾಲದ ಬಾಕ್ಸ್‌ಎನ್ ವ್ಯಾಗನ್ ಒಂದರ ಉದ್ದ 10.713 ಮೀಟರ್. 58 ವ್ಯಾಗನ್ನಿನ ಪೂರ್ತಿ ರೇಕ್ 1:87ರ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ಎಂಜಿನ್ ಬಿಟ್ಟೇ 7 ಮೀಟರ್ ದಾಟುತ್ತದೆ. ಮನೆಯ ಕೋಣೆಗೆ ಇದು ಆಗುವ ಮಾತಲ್ಲ. ನಾಲ್ಕು ಚಕ್ರದ ಎಂಟು ವ್ಯಾಗನ್ನಿನ ಶೆಡ್ ಹಾಗಲ್ಲ. ಅದರಲ್ಲಿ ಒಂದು ಸಂಜೆ ಪೂರ್ತಿ ಕೆಲಸವಿದೆ.

ಅಳತೆಯ ವಿಷಯದಲ್ಲಿ ಮೀಟರ್ ಗೇಜ್ ನಮ್ಮ ಪಾಲಿಗೆ ಅನುಕೂಲ. 1:87ರಲ್ಲಿ 1000 ಮಿ.ಮೀ. ಎಂದರೆ 11.5 ಮಿ.ಮೀ.; ಮಾರುಕಟ್ಟೆಯಲ್ಲಿ ಸಿಗುವ 12 ಮಿ.ಮೀ. ಹಳಿಗೆ ವ್ಯತ್ಯಾಸ ಕಣ್ಣಿಗೆ ಕಾಣದು. ಬ್ರಾಡ್ ಗೇಜಿನ 1676 ಮಿ.ಮೀ. ಅದೇ ಅಳತೆಯಲ್ಲಿ 19.3 ಆಗುತ್ತದೆ. ಅದನ್ನು ಈ ಅಳತೆಗೆ ಸಾಮಾನ್ಯವಾಗಿ ಸಿಗುವ 16.5 ಮಿ.ಮೀ. ಹಳಿಯ ಮೇಲೆ ನಿಲ್ಲಿಸಿದರೆ ಗಾಡಿ ಕೃಶ ಕಾಲಿನ ಮೇಲೆ ನಿಂತಂತೆ ಕಾಣುತ್ತದೆ. ತಿರುವಿನಲ್ಲೂ ಹಾಗೆಯೇ. ಮೀಟರ್ ಗೇಜಿನಲ್ಲಿ 16 ಡಿಗ್ರಿಯ, ಅಂದರೆ 109 ಮೀಟರ್ ತ್ರಿಜ್ಯದ ತಿರುವಿಗೆ ಅವಕಾಶವಿತ್ತು. ಮಾದರಿಯಲ್ಲಿ ಅದು 1.25 ಮೀಟರ್. ಬ್ರಾಡ್ ಗೇಜಿನ 10 ಡಿಗ್ರಿ, 175 ಮೀಟರ್, ಮಾದರಿಯಲ್ಲಿ 2 ಮೀಟರ್ ಕೇಳುತ್ತದೆ. ಜಾಗ ಕಡಿಮೆ ಇದ್ದರೆ ಸೈಡಿಂಗಿನಲ್ಲಿ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಯಲ್ಲಿ) 60 ಸೆಂ.ಮೀ.ವರೆಗೆ ಇಳಿಯಬಹುದು. ಅದಕ್ಕಿಂತ ಬಿಗಿಯಾದರೆ ವೈಜಿಯ ಎಂಟು ಚಕ್ರ ತಕರಾರು ಮಾಡುತ್ತವೆ.

12 ಮಿ.ಮೀ. ಹಳಿ ಕೊಳ್ಳುವಾಗ ಒಂದು ತೊಡಕಿದೆ. ಅದು ಬಹುಮಟ್ಟಿಗೆ ಟಿಟಿ ಎಂಬ ಇನ್ನೂ ಸಣ್ಣ, 1:120ರ ಅಳತೆಗೆ ಮಾಡಿದ್ದು, ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ಸುಮಾರು 5 ಮಿ.ಮೀ.ಗೆ ಒಂದರಂತೆ ಒತ್ತೊತ್ತಾಗಿರುತ್ತದೆ. ನಮ್ಮ ಸೈಡಿಂಗಿನಲ್ಲಿ ಸ್ಲೀಪರ್ ನಡುವೆ ಸುಮಾರು ಮುಕ್ಕಾಲು ಮೀಟರ್ ಅಂತರ, ಅಂದರೆ 8ರಿಂದ 9 ಮಿ.ಮೀ. ಹಳಿಯ ತಳದಲ್ಲಿ ಸ್ಲೀಪರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಎಳೆಗಳನ್ನು ಕತ್ತರಿಸಿ, ಒಂದೊಂದನ್ನೂ ಜಾರಿಸಿ ದೂರ ಮಾಡಿ. ಒಂದು ಗಜ ಹಳಿಗೆ ಅರ್ಧ ಗಂಟೆಯ ಕೆಲಸ. ಯಾರ್ಡಿನ ನೋಟ ಬದಲಾಗುವುದು ಬಣ್ಣದಿಂದಲ್ಲ, ಇದರಿಂದ. ಸೈಡಿಂಗಿನ ಜಲ್ಲಿಯನ್ನು ಸ್ಲೀಪರ್ ಮಟ್ಟಕ್ಕೆ ಮಣ್ಣು, ಬೂದಿಯಿಂದ ಮುಚ್ಚಿಬಿಡಿ. ಮೈನ್ ಲೈನಿನಲ್ಲಿ ಮಾತ್ರ ಜಲ್ಲಿ ಕಾಣಲಿ.

ಹಲಗೆ 3 ಮೀಟರ್ ಉದ್ದ, 45 ಸೆಂ.ಮೀ. ಅಗಲ ಇದ್ದರೆ ಸಾಕು. ಒಂದು ವ್ಯಾಗನ್‌ಗೆ ಕಪ್ಲಿಂಗ್ ಸೇರಿ 8 ಸೆಂ.ಮೀ., ಎಂಜಿನ್‌ಗೆ 20 ಸೆಂ.ಮೀ. ಹಿಡಿಯಿರಿ. ಶೆಡ್ ಲೈನಿನಲ್ಲಿ ಐದು ವ್ಯಾಗನ್, ಕ್ಯೂರಿಂಗ್ ವರ್ಕ್ಸ್ ಸೈಡಿಂಗಿನಲ್ಲಿ ಮೂರು, ರಿಪೇರಿಯ ವ್ಯಾಗನ್ ನಿಲ್ಲಿಸುವ ಸಿಕ್ ಲೈನಿನಲ್ಲಿ ಮೂರು. ಶಂಟಿಂಗ್ ನೆಕ್‌ನಲ್ಲಿ (ವ್ಯಾಗನ್‌ಗಳನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಿಸಲು ಎಳೆದು ನಿಲ್ಲಿಸುವ ತುಂಡು ಹಳಿಯಲ್ಲಿ) ಎಂಜಿನ್ ಜೊತೆ ಮೂರೇ ವ್ಯಾಗನ್ ಹಿಡಿಯಬೇಕು, ಅಂದರೆ 45 ಸೆಂ.ಮೀ. ಈ ನೆಕ್ಕನ್ನು ಉದ್ದ ಮಾಡುವ ಆಸೆ ಬೇಡ. ಎಂಟು ವ್ಯಾಗನ್ನಿನಿಂದ ಐದನ್ನು ಆರಿಸಿ ಸಾಲಾಗಿ ನಿಲ್ಲಿಸುವುದಕ್ಕೆ 6720 ಬಗೆಗಳಿವೆ. ಗಿಡ್ಡ ನೆಕ್ ಇದ್ದರೇ ಅದರಲ್ಲಿ ಯೋಚನೆಯ ಕೆಲಸ ಬರುವುದು. ಹಲಗೆಯ ಒಂದು ತುದಿಯಲ್ಲಿ, ಗೋಡೆಯ ಹಿಂದೆ, ಕಾಣದ ಎರಡು ಲೈನ್: ಒಂದು ಮೈಸೂರು ದಾಟಿ ಬೆಂಗಳೂರಿಗೆ, ಇನ್ನೊಂದು ಹಾಸನ, ಅರಸೀಕೆರೆಯ ಕಡೆಗೆ.

ಇನ್ನು ಮುಖ್ಯ ವಿಷಯ. ವ್ಯಾಗನ್ ಕೊಳ್ಳುವ ಮುಂಚೆ ಅದರ ಕೆಲಸ ಬರೆದುಕೊಳ್ಳಿ. ಒಂದೊಂದು ವ್ಯಾಗನ್‌ಗೂ ಒಂದು ಕಾರ್ಡ್. ಅದರ ಮೇಲೆ ನಂಬರ್, ಬಗೆ, ಹೊರುವ ತೂಕ, ಖಾಲಿ ತೂಕ. ಕಾರ್ಡಿಗೆ ಸಿಕ್ಕಿಸುವ ಚೀಟಿಗೆ ನಾಲ್ಕು ಮಗ್ಗುಲು, ಪ್ರತಿ ಮಗ್ಗುಲಲ್ಲಿ ಎಲ್ಲಿಂದ, ಎಲ್ಲಿಗೆ, ಏನು ಸರಕು. ಒಂದು ಕೆಲಸ ಮುಗಿದರೆ ಚೀಟಿ ತಿರುಗಿಸುವುದು. ಈ ವಿಧಾನ ಅಮೆರಿಕದ ಹವ್ಯಾಸಿಗಳಲ್ಲಿ ಬಹಳ ಕಾಲದಿಂದ ಇದೆ. ಆದರೆ ಅವರ ಚೀಟಿಯನ್ನೇ ನಕಲು ಮಾಡಿದರೆ ನಮ್ಮ ಗೂಡ್ಸ್ ಶೆಡ್ಡಿನ ಕೆಲಸ ಅದರಲ್ಲಿ ಬರುವುದಿಲ್ಲ.

ಆ ಕಾಲದಲ್ಲಿ ನಮ್ಮಲ್ಲಿ ಸರಕಿನವರು ಮೊದಲು ವ್ಯಾಗನ್‌ಗೆ ಇಂಡೆಂಟ್ (ಬೇಡಿಕೆ) ಹಾಕಿ ಸರದಿ ಕಾಯಬೇಕಿತ್ತು. ಖಾಲಿ ವ್ಯಾಗನ್ ಬಂದ ಮೇಲೆ ಫಾರ್ವರ್ಡಿಂಗ್ ನೋಟ್ (ಸರಕಿನ ವಿವರದ ಪತ್ರ), ತುಂಬುವುದು, ಬಾಗಿಲಿಗೆ ಸೀಲ್, ಪಕ್ಕದ ಕ್ಲಿಪ್ಪಿನಲ್ಲಿ ಲೇಬಲ್, ಕೊನೆಗೆ ಕೈಗೆ ಆರ್‌ಆರ್, ಅಂದರೆ ರೈಲ್ವೆ ರಸೀದಿ. ಲೇಬಲ್ ಇಲ್ಲದ ತುಂಬಿದ ವ್ಯಾಗನ್ ರೈಲಿಗೆ ಹತ್ತುವುದಿಲ್ಲ ಎಂಬ ನಿಯಮ ಮಾದರಿಯಲ್ಲೂ ಇಟ್ಟುಕೊಳ್ಳಿ. ವ್ಯಾಗನ್ ಸೈಡಿಂಗಿಗೆ ಬಂದ ಪಾಳಿಯಲ್ಲೇ ಹೊರಡಕೂಡದು, ಎರಡು ಪಾಳಿ ದಾಟಿ ನಿಂತರೆ ಡೆಮರೇಜ್. ಇಳಿಸಿದ ಸಿಮೆಂಟ್ ಶೆಡ್ಡಿನಲ್ಲೇ ಉಳಿದರೆ ವಾರ್ಫೇಜ್. ಇವೆರಡೂ ಬೇರೆ ಬೇರೆ: ಮೊದಲನೆಯದು ವ್ಯಾಗನ್ ತಡೆದಿದ್ದಕ್ಕೆ, ಎರಡನೆಯದು ರೈಲ್ವೆಯ ಜಾಗ ಹಿಡಿದಿದ್ದಕ್ಕೆ.

ಈಗ ಕಾಫಿ. ಒಳಬರುವ ರಸಗೊಬ್ಬರ ಇಳಿಸಿ, ಅದೇ ವ್ಯಾಗನ್‌ಗೆ ಕಾಫಿ ತುಂಬಿ ಕಳಿಸಿದರೆ ಖಾಲಿ ಓಡಾಟ ಉಳಿಯಿತಲ್ಲ ಎಂದು ಹೊಸಬರಿಗೆ ಅನ್ನಿಸುತ್ತದೆ. ಕಾಗದದ ಮೇಲೆ ಚಂದ. ಆದರೆ ಕಾಫಿ ಬೀಜ ಸುತ್ತಲಿನ ವಾಸನೆಯನ್ನೂ ತೇವವನ್ನೂ ಹೀರಿಕೊಳ್ಳುತ್ತದೆ ಎಂಬುದು ತೋಟದವರಿಗೆ ಹೇಳಿಕೊಡಬೇಕಾದ್ದಲ್ಲ. ಗೊಬ್ಬರ, ಒಣಮೀನು, ತೊಗಲು, ಸೀಮೆಎಣ್ಣೆ ಡಬ್ಬ ಹೊತ್ತ ವ್ಯಾಗನ್ ಕ್ಯೂರಿಂಗ್ ವರ್ಕ್ಸ್ ಸೈಡಿಂಗಿಗೆ ಹೋಗಬಾರದು. ಅದಕ್ಕೆ ಹಂಚು, ಸೌದೆಯಂಥ ಸರಕಿನ ಚೀಟಿ ಕೊಡಿ, ಇಲ್ಲವೇ ಖಾಲಿಯಾಗಿಯೇ ಕಳಿಸಿ. ಕಾಫಿಗೆ ಅಕ್ಕಿ ಇಳಿಸಿದ ವ್ಯಾಗನ್ ಆದೀತು. ಈ ಒಂದೇ ನಿಯಮದಿಂದ ಎಂಟು ವ್ಯಾಗನ್ನಿನ ಯಾರ್ಡಿನಲ್ಲಿ ಶಂಟಿಂಗ್ ಇಮ್ಮಡಿಯಾಗುತ್ತದೆ. ಪ್ರತಿ ಚಲನೆಗೂ ಒಂದು ಕಾರಣ ಇರುತ್ತದೆ.

ಮುಂದಿನದು ಚಾವಣಿ. ಮುಚ್ಚಿದ ವ್ಯಾಗನ್ ತುಂಬುವ ಮೊದಲು ಒಬ್ಬ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡು ನೋಡುತ್ತಾನೆ. ಎಲ್ಲಿಂದಲಾದರೂ ಬೆಳಕು ಬಂದರೆ ಅಲ್ಲಿಂದ ಮಳೆಯೂ ಬರುತ್ತದೆ, ಆ ವ್ಯಾಗನ್ ಕಾಫಿಗೆ ಬೇಡ. ಮಾದರಿಯಲ್ಲಿ ಇದಕ್ಕೊಂದು ದಾಳ ಸಾಕು. ಬೇಸಿಗೆಯ ಪಾಳಿಯಲ್ಲಿ 1 ಬಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಾಳಿಯಲ್ಲಿ 1 ಅಥವಾ 2 ಬಿದ್ದರೆ ವ್ಯಾಗನ್ ಸಿಕ್ ಲೈನಿಗೆ. ಅದನ್ನು ಹೊರಗೆಳೆದು ಬದಲಿ ಇಡುವಷ್ಟರಲ್ಲಿ ಮೂರು ವ್ಯಾಗನ್ನಿನ ನೆಕ್ ಏಕೆ ಬೇಕಿತ್ತು ಎಂಬುದು ಗೊತ್ತಾಗುತ್ತದೆ.

ಚೀಟಿಯಲ್ಲಿ ಊರು ಬರೆಯುವಾಗ ಎಚ್ಚರ. 1970ರ ಚೀಟಿಯಲ್ಲಿ ‘ಕಾಫಿ, ಹಾಸನದ ಮೇಲೆ ಮಂಗಳೂರಿಗೆ’ ಎಂದು ಬರೆದದ್ದನ್ನು ಎಷ್ಟೋ ಕಡೆ ನೋಡುತ್ತೇವೆ. ಹಾಸನ–ಮಂಗಳೂರು ಮೀಟರ್ ಗೇಜ್ ಪೂರ್ತಿಯಾದದ್ದು 1979ರಲ್ಲಿ. ಗೇಜ್ ಬದಲಿಸಲು 1996ರಲ್ಲಿ ಮುಚ್ಚಿ, ಬ್ರಾಡ್ ಗೇಜಿನಲ್ಲಿ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ. ನಮ್ಮ ಮಾದರಿಯ ಕಾಲಕ್ಕೆ ಮಂಗಳೂರಿನ ಕಾಫಿ ಲಾರಿಯಲ್ಲೇ ಘಟ್ಟ ಇಳಿಯಬೇಕು. ರೈಲಿನ ಕಾಫಿ ಮದ್ರಾಸಿಗೆ ಎಂದಿರಲಿ. ಅದೂ ಬೆಂಗಳೂರಿನಲ್ಲಿ ಮೀಟರ್ ಗೇಜಿನಿಂದ ಇಳಿದು ಬ್ರಾಡ್ ಗೇಜ್ ಹತ್ತಬೇಕು. ಇನ್ನೊಂದು ಮಾತು: 1942ರಿಂದ 1990ರ ದಶಕದವರೆಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಇತ್ತು, ಅಂದರೆ ಬೆಳೆಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು, ಬೆಳೆಗಾರ ತನ್ನಿಷ್ಟಕ್ಕೆ ಮಾರುವಂತಿರಲಿಲ್ಲ. ಕೊಯ್ಲಿನ ಮರುವಾರವೇ ಸಾಲು ವ್ಯಾಗನ್ ಹೊರಡಿಸಬೇಡಿ. ಮಾಲು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೂತಿದ್ದು, ಹರಾಜಾದ ಮೇಲೆ ಒಟ್ಟೊಟ್ಟಿಗೆ ನಾಲ್ಕೈದು ವ್ಯಾಗನ್ ಕೇಳಲಿ.

18 ಟನ್ ಹೊರುವ ವ್ಯಾಗನ್ ಎಂದಿಟ್ಟುಕೊಂಡರೆ 60 ಕಿಲೋದ ಚೀಲ 300 ಹಿಡಿಯಿತು. 6 ಟನ್ ಹೊರುವ ಲಾರಿಯಲ್ಲಿ ಅದು ಮೂರು ಲೋಡ್. ಶೆಡ್ ಅಂಗಳದಲ್ಲಿ ಒಂದೇ ಒಂದು ಟಾಟಾ-ಮರ್ಸಿಡಿಸ್ ಲಾರಿ ನಿಲ್ಲಿಸಿ ಐದು ವ್ಯಾಗನ್ ಬಾಗಿಲು ತೆಗೆದಿಟ್ಟರೆ ಲೆಕ್ಕ ತಪ್ಪಿತು. ಚೀಲಗಳನ್ನು ಎಪಾಕ್ಸಿ ಪುಟ್ಟಿಯಲ್ಲಿ 10 ಮಿ.ಮೀ. ಉದ್ದ, 6 ಮಿ.ಮೀ. ಅಗಲ ಮಾಡಿ. ಒಣಗುವ ಮೊದಲೇ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಕೆಳಗಿನದು ಚಪ್ಪಟೆಯಾಗುತ್ತದೆ. ಬಾಗಿಲಲ್ಲಿ ಕಾಣುವ ಇಪ್ಪತ್ತು ಚೀಲ ಸಾಕು. ತೆರೆದ ವ್ಯಾಗನ್‌ಗೆ ಮರದ ದಿಮ್ಮಿ ಬೇಕಿದ್ದರೆ ನಮ್ಮಲ್ಲಿ ಕಾಫಿ ಗಿಡ ಸವರಿದಾಗ ಬೀಳುವ ರೆಂಬೆ ಇದ್ದೇ ಇದೆ, 5 ಮಿ.ಮೀ. ದಪ್ಪದ್ದು ನಿಜ ಅಳತೆಯಲ್ಲಿ 43.5 ಸೆಂ.ಮೀ. ಆಗುತ್ತದೆ. ಚೆನ್ನಾಗಿ ಒಣಗಿಸಿ, ಇಲ್ಲವಾದರೆ ಹುಳು ಬೀಳುತ್ತದೆ. ಮೆಣಸು, ಏಲಕ್ಕಿಯಂಥ ಸಣ್ಣ ಬಾಬ್ತುಗಳಿಗೆ ಇಡೀ ವ್ಯಾಗನ್ ಕೊಡಬೇಡಿ. ಅವು ಸ್ಮಾಲ್ಸ್ (ಚಿಲ್ಲರೆ ಸರಕು), ರೈಲಿನ ಕೊನೆಯ ಗಾರ್ಡ್ ಬ್ರೇಕ್ ವ್ಯಾನಿಗೆ ಒತ್ತಿದ ರೋಡ್ ವ್ಯಾನಿನಲ್ಲಿ, ಅಂದರೆ ದಾರಿಯ ಸ್ಟೇಷನ್ನುಗಳ ಚಿಲ್ಲರೆ ಸರಕಿನ ವ್ಯಾಗನ್ನಿನಲ್ಲಿ, ಹೋಗಲಿ. ಸೀಮೆಎಣ್ಣೆ ಟ್ಯಾಂಕ್ ವ್ಯಾಗನ್ ಎಂಜಿನ್ನಿಗಾಗಲಿ ಬ್ರೇಕ್ ವ್ಯಾನಿಗಾಗಲಿ ತಾಗಿ ನಿಲ್ಲಕೂಡದು, ನಡುವೆ ಬೇರೆ ವ್ಯಾಗನ್ ಇರಬೇಕು.

ರೈಲು ಬಂದಾಗ ಸ್ಟೇಷನ್ ಮಾಸ್ಟರ್ ಪಾತ್ರದವರು ಕೊನೆಯ ವಾಹನದ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡ್ ನೋಡಿದ ಮೇಲೆಯೇ ಹಿಂದಿನ ಸ್ಟೇಷನ್ನಿಗೆ ಲೈನ್ ಖಾಲಿ ಎಂದು ತಿಳಿಸಲಿ. ಆ ಬೋರ್ಡ್ ಇಲ್ಲದಿದ್ದರೆ ರೈಲಿನ ಒಂದು ತುಂಡು ದಾರಿಯಲ್ಲಿ ಉಳಿದಿದೆ ಎಂದೇ ಅರ್ಥ. ಒಂಟಿ ಲೈನಿಗೆ ಟೋಕನ್ ಆಗಿ ಒಂದು ಉಕ್ಕಿನ ಗೋಲಿ ಇಟ್ಟುಕೊಳ್ಳಿ. ಅದು ಕೈಯಲ್ಲಿಲ್ಲದೆ ಡ್ರೈವರ್ ಕಂಟ್ರೋಲರ್ ಮುಟ್ಟಬಾರದು.

ಶಂಟಿಂಗಿನಲ್ಲಿ ಹಳಿ ತಪ್ಪುವುದು ಹೆಚ್ಚಾಗಿ ಹಿಂದಕ್ಕೆ ತಳ್ಳುವಾಗ. ಕಾರಣ ಎರಡೇ: ತೂಕ ಸಾಲದು, ಇಲ್ಲವೇ ನಾಲ್ಕನೆಯ ಚಕ್ರ ಹಳಿ ಮುಟ್ಟಿಲ್ಲ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆಯ ಕಿರುಗೇಜ್ ಸೂತ್ರದಂತೆ 75 ಮಿ.ಮೀ. ಉದ್ದದ ವ್ಯಾಗನ್‌ಗೆ ಸುಮಾರು 53 ಗ್ರಾಂ ತೂಕ ಬೇಕು. ಪ್ಲಾಸ್ಟಿಕ್ ಕಿಟ್ ಅದರ ಅರ್ಧವೂ ತೂಗದು. ಸೀಸದ ತುಂಡನ್ನು ವ್ಯಾಗನ್ನಿನ ನೆಲದ ಮೇಲೆ, ಎರಡು ಆಕ್ಸಲ್‌ಗಳ ನಡುವೆ ಅಂಟಿಸಿ. ಚಾವಣಿಯ ಹತ್ತಿರ ಬೇಡ, ವಾಲುತ್ತದೆ. ಆಮೇಲೆ ವ್ಯಾಗನ್ನನ್ನು ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ಒಂದೊಂದಾಗಿ ಬೆರಳಲ್ಲಿ ಒತ್ತಿ. ಟಕ್ ಎಂದು ಅಲುಗಿದರೆ ಒಂದು ಆಕ್ಸಲನ್ನು ನಡುವಿನ ತಂತಿಯ ಮೇಲೆ ತೂಗಾಡುವಂತೆ ಮಾಡಿ, ಇನ್ನೊಂದು ಗಟ್ಟಿಯಾಗಿಯೇ ಇರಲಿ. ಮೂರು ಬಿಂದುವಿನ ಮೇಲೆ ನಿಂತ ವ್ಯಾಗನ್ ಸ್ವಲ್ಪ ಉಬ್ಬುತಗ್ಗಿನ ಹಳಿಯಲ್ಲೂ ಕೂತುಕೊಂಡು ಹೋಗುತ್ತದೆ.

ಕೊಡಗಿನ ಮಳೆಗಾಲಕ್ಕೆ ಹಲಗೆ ಐಎಸ್ 710 ಗುರುತಿನ 12 ಮಿ.ಮೀ. ದಪ್ಪದ ಮೆರೈನ್ ಪ್ಲೈ ಆಗಿರಲಿ. ಕತ್ತರಿಸಿದ ಅಂಚಿಗೂ ತಳಕ್ಕೂ ವಾರ್ನಿಷ್ ಎರಡು ಕೈ. ಮೇಲ್ಮೈಗೆ ಮಾತ್ರ ಬಳಿದರೆ ತೇವ ಒಂದೇ ಕಡೆಯಿಂದ ಏರಿ ಹಲಗೆ ಬಿಲ್ಲಾಗುತ್ತದೆ. ಹಳಿ ನಿಕಲ್ ಸಿಲ್ವರ್‌ನದ್ದೇ ಬೇಕು. ಉಕ್ಕಿನದು ಒಂದೇ ಮಳೆಗಾಲಕ್ಕೆ ತುಕ್ಕು. ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕಾದದ್ದು ಹಳಿಯ ಜಾಯಿನರ್. ವಿದ್ಯುತ್ತಿಗೆ ಅದನ್ನು ನಂಬದೆ ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಒಂದು ತಂತಿ ಬೆಸುಗೆ ಹಾಕಿಬಿಟ್ಟರೆ ಆ ಕೆಲಸವೂ ತಪ್ಪುತ್ತದೆ. ಹಳಿಗೆ ಸ್ಯಾಂಡ್ ಪೇಪರ್ ತಾಗಿಸಬೇಡಿ, ಗೀರಿನಲ್ಲಿ ಕೊಳೆ ಕೂರುತ್ತದೆ. ಬಟ್ಟೆಗೆ ವೈಟ್ ಸ್ಪಿರಿಟ್ ಹಚ್ಚಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಚಕ್ರಗಳನ್ನೂ ಅದೇ ದಿನ ಒರೆಸಿ, ಇಲ್ಲದಿದ್ದರೆ ಚಕ್ರದ ಕರಿ ಅರ್ಧ ಗಂಟೆಯಲ್ಲಿ ಮತ್ತೆ ಹಳಿಗೆ ಬರುತ್ತದೆ. ಪ್ಲಾಸ್ಟಿಕ್ ಚಕ್ರ ಕೊಳೆಯನ್ನು ಹೆಚ್ಚು ಹಿಡಿಯುತ್ತದೆ. ಎಂಟೇ ವ್ಯಾಗನ್ ಆದ್ದರಿಂದ ಎಲ್ಲಕ್ಕೂ ಲೋಹದ ಚಕ್ರ ಹಾಕಿಸುವುದು ದುಬಾರಿಯೇನಲ್ಲ. ಕಾರ್ಡು, ಚೀಟಿಗಳನ್ನು ಜೂನ್ ಹೊತ್ತಿಗೆ ಸಿಲಿಕಾ ಜೆಲ್ ಹಾಕಿದ ಡಬ್ಬಕ್ಕೆ ಸೇರಿಸಿ.